ಕಂಡಕ್ಟರರ ದೋಣಿ
ನಿವೃತ್ತರಾದವರು ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಿದ್ದರೆ ಊರಿಗೆ ನೆಮ್ಮದಿ. ನಮ್ಮ ಅಂತರಸಂತೆಯ ಪಕ್ಕದ ಮನೆ ಪುಟ್ಟಮಾದಯ್ಯ ಮಾತ್ರ, ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯ, ಕಬಿನಿ ಹಿನ್ನೀರಿನ ದಡದಲ್ಲಿ ಕೊಳೆಯುತ್ತಿರುವ, ಡ್ಯಾಮಿಗೂ ಮುಂಚಿನ ಕಾಲದ ಮರದ ದೋಣಿಗಳನ್ನು ಪುಕ್ಕಟೆ ರಿಪೇರಿ ಮಾಡುತ್ತಾರೆ. ಮಾಡಿ ಎಂದು ಯಾರೂ ಕೇಳಿಲ್ಲ. ಬೀದಿಗೆಲ್ಲ ಡಾಂಬರಿನ ವಾಸನೆ. ಬಿರುಕಿಗೆ ತುರುಕಲು ಹತ್ತಿ ಸಾಲದೆಂದು ನನ್ನ ಹೊಸ ದಿಂಬನ್ನೇ ಬಿಚ್ಚಿದರು. ಜಗಳಕ್ಕೆ ಹೋದರೆ, "ದಿಂಬಿಲ್ದೆ ಮನಿಕೋಬೋದು ಕಣವ್ವ, ಬಿರುಕು ಮುಚ್ದಿದ್ರೆ ದೋಣಿ ನೀರು ಕುಡೀತದೆ" ಎಂದು ನನಗೇ ಬುದ್ಧಿ ಹೇಳುತ್ತಾರೆ. ದೋಣಿ ನೀರಿಗಿಳಿದರೆ ಇನ್ನೊಂದು ಕಾಟ: ಕೊರಳಲ್ಲಿ ಹಳೇ ಸೀಟಿ, ಹೆಂಗಸರಿಗೆ ಮುಂದಿನ ಹಲಗೆ, ಒಬ್ಬರೇ ಕೂತಿದ್ದರೂ "ಒಳಗೋಗಿ, ಒಳಗೋಗಿ" ಎಂಬ ಕೂಗು. "ಒಂದ್ಸಲ ದೋಣಿ ಅತ್ತವ್ವ" ಎಂಬ ವರಾತ ತಾಳಲಾರದೆ ಮೊನ್ನೆ ನಾನೂ ಹತ್ತಿದೆ. ನಡುನೀರಿನಲ್ಲಿ ಸೀಟಿ ಊದಿ ದೋಣಿ ನಿಲ್ಲಿಸಿದರು. "ಹೊಂಗೆಪುರ! ಹೊಂಗೆಪುರ ಇಳಿಯೋರು ಇಳೀರಿ!" ಸುತ್ತ ಬರೀ ನೀರು. ಬೈಯಲು ಬಾಯಿ ತೆರೆದವಳಿಗೆ ನೆನಪಾಯಿತು: ಡ್ಯಾಮು ಕಟ್ಟಿದಾಗ ಮುಳುಗಿದ ಅವರ ಊರು ಅದು. ಬಸ್ಸು ನಿಲ್ಲುವಷ್ಟು ಹೊತ್ತು ಕಾದರು. ಹತ್ತುವವರು ಯಾರಾದರೂ ಇದ್ದಾರೇನೋ ಎಂಬಂತೆ ಬಗ್ಗಿ ನೀರನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ "ರೈಟ್" ಎಂದರು.