ಹುಣಸೆ ಹೊಲದ ಮರಿಮಲ್ಲಪ್ಪ

ಮರಿಮಲ್ಲಪ್ಪನ ಗಂಟಲು ದೊಡ್ಡದು. ಅವನು ಹುಣಸೆ ಹೊಲದಲ್ಲಿ ಕೂಗಿದರೆ ಆಚೆ ಹೊಲದ ನಾಯಿ ಎದ್ದು ನಿಲ್ಲುತ್ತಿತ್ತು.

ಗುಂಡ್ಲುಪೇಟೆ ಕಡೆಯ ಮದ್ದೂರಿನ ಆಚೆ, ಕಾಡಿನ ಅಂಚಿಗೆ ಅವನ ಹೊಲ. ಪಕ್ಕದ್ದು ಬೇವಿನ ಹೊಲ. ರಾಗಿ, ಹುರುಳಿ, ಒಂದಿಷ್ಟು ಈರುಳ್ಳಿ. ಬೆಳೆ ಕೈಗೆ ಬರುವ ಹೊತ್ತಿಗೆ ಆನೆಯೂ ಬರುತ್ತದೆ. ಆಗ ಗಂಡಸರು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕಾವಲು ಕೂರುತ್ತಾರೆ. ಆ ಕಾವಲಿಗೆ ಒಂದು ಕಟ್ಟುಪಾಡಿದೆ. ಒಬ್ಬ ತನ್ನ ಹೊಲದ ಹೆಸರು ಹೇಳಿ ಕೂಗಿದರೆ ಪಕ್ಕದ ಹೊಲದವನು ತನ್ನ ಹೊಲದ ಹೆಸರು ಹೇಳಿ ಓಗೊಡಬೇಕು. ಓಗೊಡದಿದ್ದರೆ ನಿದ್ದೆ ಹೋದ ಅಂದುಕೊಳ್ಳುವಂತಿಲ್ಲ. ಆನೆ ಕಾಲಿಗೆ ಸಿಕ್ಕ ಅಂತಲೇ ತಿಳಿಯಬೇಕು. ಓಗೊಡುವ ತನಕ ಕೂಗುತ್ತಲೇ ಇರಬೇಕು. ಕೂಗು ಬಿಟ್ಟು ಮಲಗಿದವನಿಗೆ ಊರಲ್ಲಿ ಯಾರೂ ಬೆಂಕಿಕಡ್ಡಿ ಕೂಡ ಕೊಡುವುದಿಲ್ಲ.

ಮದುವೆಯಾಗಿ ಕೆಲವು ವರ್ಷಕ್ಕೆ ಮರಿಮಲ್ಲಪ್ಪನಿಗೆ ತಲೆ ಕೆಟ್ಟಿತು. ಕಾಯಿಲೆ ಅನ್ನಬೇಕಂತೆ. ಕಾಯಿಲೆಯೇ. ಇಲ್ಲದವರ ಮಾತು ಅವನ ಕಿವಿಗೆ ಬೀಳುತ್ತಿತ್ತು. ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟರು. ಅದನ್ನು ನುಂಗುತ್ತಿದ್ದಷ್ಟು ದಿನ ಎಲ್ಲರ ಹಾಗೆ ಉತ್ತು, ಬಿತ್ತಿ, ಹೆಂಡತಿ ಪುಟ್ಟಮಲ್ಲಮ್ಮನ ಜೊತೆ ಜಗಳ ಆಡಿಕೊಂಡು ಇದ್ದ. ವಾಸಿಯಾಯಿತು ಅಂತ ಒಂದು ಸಲ ತಾನೇ ಮಾತ್ರೆ ಬಿಟ್ಟ. ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಲಾರಿಯ ಡ್ರೈವರನ ತಲೆಗೆ ಕಬ್ಬಿಣದ ರಾಡಿನಲ್ಲಿ ಹೊಡೆದ. ಮೂಟೆಯೊಳಗೆ ಮಕ್ಕಳನ್ನು ಕಟ್ಟಿದ್ದಾರೆ ಅಂತ ಅವನ ಕಿವಿಗೆ ಯಾರೋ ಹೇಳಿದ್ದರು. ಡ್ರೈವರು ಬದುಕಿದ. ಮರಿಮಲ್ಲಪ್ಪ ಜೈಲಿಗೆ ಹೋದ.

ಜೈಲಿನಲ್ಲಿ ಮೊದಲು ಹತ್ತಾರು ಜನರ ಜೊತೆ ಇದ್ದ. ಒಬ್ಬನೇ ಮಾತಾಡಿಕೊಳ್ಳುತ್ತಿದ್ದ. ಪಕ್ಕದವನು ಬೈದ, ಇವನು ಕೈಯೆತ್ತಿದ. ಒಂಟಿ ಕೋಣೆಗೆ ಹಾಕಿದರು. ಅನ್ನ ಬಾಗಿಲ ಸಂದಿಯಲ್ಲಿ ಬರುತ್ತಿತ್ತು. ಅನ್ನ ತಂದವನ ಕೈ ಮಾತ್ರ ಕಾಣುತ್ತಿತ್ತು, ಮುಖ ಇಲ್ಲ.

ಪುಟ್ಟಮಲ್ಲಮ್ಮ ಬಸ್ಸು ಹತ್ತಿ ನೋಡಲು ಹೋಗುತ್ತಿದ್ದಳು. ಮೊದಮೊದಲು ಅವನು ಹಸು ಹೇಗಿದೆ ಅಂತ ಕೇಳಿದ. ಆಮೇಲೆ ಹಸುವನ್ನೂ ಕೇಳಲಿಲ್ಲ. ಇವಳ ಬಾಯನ್ನೇ ನೋಡುತ್ತಿದ್ದ, ಅದರಿಂದ ಮಾತು ಬರುವುದೇ ವಿಚಿತ್ರ ಅನ್ನುವ ಹಾಗೆ. ಎರಡು ಮಾರು ಆಚೆ ನಿಂತವಳನ್ನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ. ಕಾಡಿನಲ್ಲಿ ಒಂದು ಎಲೆ ಅಲ್ಲಾಡಿದರೆ ಆನೆ ಅನ್ನುತ್ತಿದ್ದ ಕಣ್ಣು ಅದು. ಗೋಡೆ ನೋಡಿ ನೋಡಿ ಗಿಡ್ಡವಾಗಿತ್ತು.

ಒಂದು ದಿನ ಅವನನ್ನು ಕರೆದುಕೊಂಡೇ ಬರಲಿಲ್ಲ. ಚಂದಕವಾಡಿ ಕಡೆಯ ವಾರ್ಡರು ನೀಲಕಂಠಸ್ವಾಮಿ ಬಂದು ಹೇಳಿದ.

"ಇವತ್ತಾಗಲ್ಲ ಕಣಕ್ಕ. ಒಂದೇ ಸಮ್ನೆ ಕೂಗ್ತಾವ್ನೆ. ಕೂಗು ನಿಲ್ಸೋಗಂಟ ಆ ರೂಮಿಂದ ತೆಗಿಬ್ಯಾಡಿ ಅಂತ ಸಾಹೇಬ್ರು ಹೇಳವ್ರೆ."

"ಏನಂತ ಕೂಗ್ತಾರೆ?"

"ಹುಚ್ಚನ ಕೂಗು, ಅದ್ರಲ್ಲೇನದೆ? ಓ ಅಂತಾನೆ. ಸುಮ್ಕಾಯ್ತಾನೆ. ಗೋಡೆಗೆ ಕಿವಿ ಕೊಡ್ತಾನೆ. ಮತ್ತೆ ಓ ಅಂತಾನೆ. ನನ್ ಕಿವಿ ತೂತು ಬಿದ್ದೋಯ್ತು."

"ಕಿವಿ ಕೊಡ್ತಾರಾ?"

"ಹೂಂ ಕಣಕ್ಕ."

"ನೀವ್ಯಾರೂ ಓಗೊಡ್ನಿಲ್ವಾ?"

"ಹುಚ್ಚನ ಕೂಗ್ಗೆ ಓಗೊಟ್ರೆ ಪಕ್ಕದ್ ರೂಮ್ಗೆ ನನ್ನೂ ಆಕ್ತಾರೆ ಅಷ್ಟೆಯ!" ಅಂತ ನಕ್ಕ.

ಪುಟ್ಟಮಲ್ಲಮ್ಮ ನಗಲಿಲ್ಲ. ಅವಳಿಗೆ ತಿಳಿಯಿತು. ಗಂಡ ರಂಪ ಮಾಡುತ್ತಿಲ್ಲ. ಕಾವಲು ಕೂತಿದ್ದಾನೆ. ಯಾರೂ ಓಗೊಡುತ್ತಿಲ್ಲ, ಹಾಗಾದರೆ ಎಲ್ಲರೂ ಸತ್ತಿದ್ದಾರೆ. ಹೆಂಡತಿ, ಊರು, ಪಕ್ಕದ ಹೊಲದವನು, ಎಲ್ಲರೂ. ತಾನೊಬ್ಬ ಉಳಿದಿದ್ದಾನೆ. ಆದರೂ ಕಟ್ಟುಪಾಡು ಬಿಟ್ಟಿಲ್ಲ. ತನ್ನ ಹೆಸರು ಮರೆತವನು, ಅನ್ನ ಮರೆತವನು, ಬೇರೆಯವರು ಬದುಕಿದ್ದಾರಾ ಅಂತ ಕೇಳುವುದನ್ನು ಮರೆತಿಲ್ಲ. ಅವನು ಹಾಗೆ ಕೇಳಿದಷ್ಟೂ ಇವರು ಬೀಗ ಬಿಗಿ ಮಾಡುತ್ತಿದ್ದಾರೆ.

ಹೆಂಗಸರು ಅಟ್ಟಣೆ ಹತ್ತುವುದಿಲ್ಲ. ಅವಳು ಹುಟ್ಟಿದಾರಭ್ಯ ಆ ಕೂಗು ಕೂಗಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜೈಲಿನ ಅಂಗಳದ ನಡುವೆ ನಿಂತು ಎರಡೂ ಕೈ ಬಾಯಿಗೆ ಹಿಡಿದಳು.

"ಓ...ಹೋಯ್! ಬೇವಿನ್ ಹೊಲಾ! ಇದ್ದೀನೀ!"

ಅವಳ ಗಂಟಲು ಹರಿಯಿತು. ನೋಡಲು ಬಂದಿದ್ದ ಜನ ತಿರುಗಿ ನೋಡಿದರು. ನೀಲಕಂಠಸ್ವಾಮಿ "ಅಕ್ಕಾ, ಅಕ್ಕಾ" ಅಂತ ಕೈ ಅಡ್ಡ ತಂದ. ತಂದ ಕೈ ಅಲ್ಲೇ ನಿಂತಿತು.

ಒಳಗಿಂದ, ಎಷ್ಟೋ ಗೋಡೆ ದಾಟಿ, ಒಡೆದ ಗಂಟಲು ಬಂತು.

"ಓ... ಹುಣ್ಸೆ ಹೊಲಾ... ಇದ್ದೀನೀ..."

ಆಮೇಲೆ ಕೂಗಿಲ್ಲ. ಅಡುಗೆಯವನು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ. ದೇವರ ಮುಂದೆ ಮಂಗಳಾರತಿ ಎತ್ತಿದಾಗ ಜನ ನಿಲ್ಲುತ್ತಾರಲ್ಲ, ಹಾಗೆ ಎಲ್ಲರೂ ನಿಂತರು.

ಸಾಹೇಬರು ಹೊರಗೆ ಬಂದರು. "ಏನಮ್ಮ, ಇದೇನು ನಿಮ್ಮ ಹೊಲ ಅಂದ್ಕೊಂಡಾ?"

"ಅಲ್ಲ ಬುಡಿ ಸ್ವಾಮಿ. ಹೊಲ್ದಲ್ಲಾಗಿದ್ರೆ ಯಾರಾದ್ರೂ ಓಗೊಡೋರು."

ಅವರ ಹಿಂದೆಯೇ ಜೈಲಿನ ಡಾಕ್ಟರಮ್ಮ ಸಿಂಧು ಬಂದಳು. ಚಿಕ್ಕ ವಯಸ್ಸು. "ಸರ್, ಕೂಗು ನಿಂತರೆ ಆಸ್ಪತ್ರೆಗೆ ಕಳಿಸ್ತೀನಿ ಅಂದಿದ್ರಿ. ನಿಂತಿದೆ. ಇಂಥ ಕಾಯಿಲೆಯವರನ್ನ ಒಂಟಿಯಾಗಿ ಇಟ್ಟಷ್ಟೂ ಕೆಡುತ್ತೆ ಅಂತ ಮೊದಲ ದಿನದಿಂದ ಹೇಳ್ತಾನೇ ಇದ್ದೀನಿ."

ಸಾಹೇಬರು ಒಳಗಿನ ಕಡೆ ಕಿವಿ ಕೊಟ್ಟು ನಿಂತರು. ಅವರೂ ಮನುಷ್ಯರೇ. ಕಳಿಸಲು ಒಪ್ಪಿದರು.

ಗಾಡಿ ಬರುವುದು ಮಾರನೆಯ ದಿನವಾಯಿತು. ಅಲ್ಲಿಯವರೆಗೆ ಮರಿಮಲ್ಲಪ್ಪ ಕೂಗಿದಾಗಲೆಲ್ಲ ನೀಲಕಂಠಸ್ವಾಮಿ ಓಗೊಟ್ಟನಂತೆ. ಹೊಲದ ಹೆಸರು ಗೊತ್ತಿಲ್ಲದೆ "ಚಂದಕವಾಡಿ ಹೊಲಾ!" ಅಂದನಂತೆ. ಒಳಗಿಂದ ಮರಿಮಲ್ಲಪ್ಪ, "ಅದ್ಯಾವ್ ಹೊಲ ಕಣ್ಲಾ? ನಮ್ ಕಡೆ ಇಲ್ವಲ್ಲ ಅದು!"

ಎಷ್ಟೋ ವಾರದ ಮೇಲೆ ಅವನು ಮನುಷ್ಯರೊಬ್ಬರ ಜೊತೆ ಆಡಿದ ಮೊದಲ ಮಾತು ಅದು. ಗದರಿಕೆಯೇ ಆದರೂ. ನೀಲಕಂಠಸ್ವಾಮಿ ಇದನ್ನು ಪುಟ್ಟಮಲ್ಲಮ್ಮನಿಗೆ ಹೇಳುವಾಗ ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ಜನರ ನಡುವೆ ಮಂಚ ಹಾಕಿದರು. ಕಣ್ಣು ದೂರ ನೋಡಲು ಕಲಿಯಿತು. ಕೇಸು ಮುಗಿದು ಮನೆಗೆ ಬಂದ. ಹಸುವಿನ ಕುತ್ತಿಗೆ ತಬ್ಬಿಕೊಂಡು ನಿಂತ.

ಮಾರನೆಯ ಬೆಳಿಗ್ಗೆ ಹೊಸ್ತಿಲ ಒಳಗೆ ನಿಂತಿದ್ದ. ಬಾಗಿಲು ಹಾರು ಹೊಡೆದಿತ್ತು. ಹೊರಗೆ ಬರಲಿಲ್ಲ.

"ಬಾಗ್ಲು ತೆಗ್ದೇ ಅದೆ, ಬನ್ನಿ" ಅಂದಳು ಪುಟ್ಟಮಲ್ಲಮ್ಮ.

"ನಂಗೊತ್ತು ಕಣಮ್ಮಿ. ಕಾಲ್ಗೆ ಗೊತ್ತಿಲ್ಲ."

ಅವನ ಕಾಲಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಯಾರಾದರೂ ಬಾ ಅನ್ನದೆ ಯಾವ ಬಾಗಿಲೂ ದಾಟುತ್ತಿರಲಿಲ್ಲ. ಬಸ್ಸಿನ ಬಾಗಿಲಲ್ಲೂ ನಿಂತುಬಿಡುವನು. ಆ ಒಂಟಿ ಕೋಣೆ ಅವನಿಂದ ಕಿತ್ತುಕೊಂಡಿದ್ದು ಇದನ್ನೇ. ಯಾವ ಮಾತ್ರೆಯೂ ತಂದುಕೊಡಲಿಲ್ಲ.

ಊರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕಲಿತರು. ಮಿಲ್ಲಿನವನು ಹಿಟ್ಟಿನ ಕೈಯಲ್ಲೇ "ಬಾ ಮಲ್ಲಪ್ಪಣ್ಣ" ಅನ್ನುವನು. ಮಠದಲ್ಲಿ ಪೂಜೆ ನಿಲ್ಲಿಸಿ "ಬನ್ನಿ" ಅನ್ನುವರು. ಕಂಡಕ್ಟರು "ಹತ್ತಣ್ಣ, ಟೈಮಾಯ್ತು" ಅಂತ ಕೈ ಕೊಡುವನು. ಪುಟ್ಟಮಲ್ಲಮ್ಮ ಇದನ್ನು ನೋಡಿ ನೋಡಿ ಬೆರಗಾಗುತ್ತಿದ್ದಳು.

ಹೋದ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ, ಮರಿಮಲ್ಲಪ್ಪ ಎದೆ ನೋವು ಅಂದ, ತೀರಿಹೋದ. ಹೆಗಲು ಕೊಟ್ಟವರು ಅವನನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಹೊಸ್ತಿಲ ಹತ್ತಿರ ನಿಂತುಬಿಟ್ಟರು. ಪುಟ್ಟಮಲ್ಲಮ್ಮನ ಮುಖ ನೋಡಿದರು.

ಅವಳು ಅಂಗಳಕ್ಕೆ ಇಳಿದು ನಿಂತಳು.

"ಬನ್ನಿ" ಅಂದಳು.