ಕ್ರೇನ್ ಏರಿದ ರೇವಣ

ಅಷ್ಟು ಎತ್ತರದಲ್ಲಿ ಒಬ್ಬರೇ ಕೂತಿರುವಾಗ ಫಿಟ್ಸ್ ಬಂದರೆ ಅವರನ್ನು ಯಾರು ಕೆಳಗಿಳಿಸುತ್ತಾರೆ? ಮಗಳಿಗೆ ಗಂಜಿ ತಿನ್ನಿಸುವಾಗ, ಬಟ್ಟೆ ಒಣಹಾಕುವಾಗ, ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯ ಗೇಟಿಗೆ ಚಿಲಕ ಹಾಕಿ ಮತ್ತೊಮ್ಮೆ ಬಂದು ನೋಡುವಾಗ, ಇದೊಂದೇ ಪ್ರಶ್ನೆ. ಏಣಿ ಕಿರಿದು, ಹೊತ್ತು ತರುವ ಹಾಗಿಲ್ಲ. ಕ್ರೇನಿನ ಕೊಕ್ಕೆಯಲ್ಲಿ ಕಬ್ಬಿಣದ ಸರಳಿನ ಕಟ್ಟು ತೂಗುತ್ತಿರುವಾಗಲೇ ಕೈ ಸೆಟೆದುಕೊಂಡರೆ? ಅದರ ಕೆಳಗೆ ನಿಂತವರ ಗತಿ?

ನನ್ನ ಗಂಡ ರೇವಣ ಹೈದರಾಬಾದಿನ ಫೈನಾನ್ಶಿಯಲ್ ಡಿಸ್ಟ್ರಿಕ್ಟಿನಲ್ಲಿ ಏಳುತ್ತಿರುವ ಒಂದು ಆಫೀಸ್ ಕಟ್ಟಡದ ಟವರ್ ಕ್ರೇನ್ ಆಪರೇಟರ್. ಈ ಮಾತನ್ನು ಹೀಗೆ ನೇರವಾಗಿ ಬರೆಯುವ ಹಾಗಾದದ್ದು ಇತ್ತೀಚೆಗೆ. ಮಗಳು ಹುಟ್ಟಿದ ಮೇಲಿನಿಂದ ಅವರು ಅಲ್ಲಿಯ ಸ್ಟೋರಿನಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದಾರೆ ಎಂದೇ ನಂಬಿದ್ದೆ.

ಅವರು ಹುಟ್ಟಿದ್ದು, ಬೆಳೆದದ್ದು ಕಮಲಾಪುರದಲ್ಲಿ. ಮನೆಯ ಹಿಂದೆ ಕೆಂಪು ಬಾಳೆಯ ತೋಟ. ಸಣ್ಣವರಿದ್ದಾಗ ಊರ ನೀರಿನ ಟ್ಯಾಂಕ್ ಹತ್ತಿ ಕೂತರೆ ಊಟಕ್ಕೂ ಇಳಿಯುತ್ತಿರಲಿಲ್ಲವಂತೆ. ಕಲಬುರಗಿಯಲ್ಲಿ ಐಟಿಐ ಮುಗಿಸಿ, ಶರಣಸಿರಸಗಿಯ ಹೊಸ ಲೇಔಟುಗಳಲ್ಲಿ ಜೆಸಿಬಿ ಓಡಿಸಿ, ಆಮೇಲೆ ಹೈದರಾಬಾದಿಗೆ ಹೋಗಿ ಕ್ರೇನ್ ಕಲಿತರು. ನನ್ನನ್ನು ನೋಡಲು ಬಂದ ದಿನ ಬೇರೆ ಹುಡುಗರ ಹಾಗೆ ಸಿನಿಮಾ, ಊಟ ಕೇಳಲಿಲ್ಲ. ಮೊಬೈಲ್ ತೆಗೆದು ಒಂದು ಕಟ್ಟಡದ ಚಿತ್ರ ತೋರಿಸಿದರು. ಮೈತುಂಬ ಗಾಜು, ತುದಿ ಮಾತ್ರ ಸ್ವಲ್ಪ ಓರೆ.

"ಇದು ಇನ್ನಾ ಕಾಗದದಾಗೇ ಅದ. ಕಟ್ಟಡದ ಬಾಗಲಾ ಎಲ್ಲಿ ಬರಬೇಕು ಅನ್ನೋದು ಹತ್ತು ಸಲ ಬದಲಿ ಆಗ್ತದ. ಕ್ರೇನ್ ಎಲ್ಲಿ ನಿಂದರಬೇಕು ಅಂತ ಒಮ್ಮೆ ಗೆರಿ ಹೊಡದ್ರ ಮುಗೀತು. ಕಟ್ಟಡಕ್ಕಿಂತ ಮೊದ್ಲು ನಿಂದರೋದು ಅದೇ, ಎಲ್ಲಾ ಮುಗದ ಮ್ಯಾಲ ಹೊರಗ ಹೋಗೋದೂ ಅದೇ."

"ನಿಮಗ ಅಂಜಿಕಿ ಆಗಂಗಿಲ್ಲೇನ್ರೀ?" ಎಂದಿದ್ದೆ.

"ಇದ್ದ ಅಂಜಿಕೆಲ್ಲಾ ನಿಮ್ಮ ಪಾಲಿಗೇ ಬಂದಂಗ ಕಾಣ್ತದ. ನನಗೇನೂ ಉಳಿದಿಲ್ರಿ."

ನಕ್ಕುಬಿಟ್ಟೆ. ಆ ನಗುವಿಗೇ ಮದುವೆಯಾಯಿತು. ಆಮೇಲೆ ಹೈದರಾಬಾದಿನ ಆ ಸೈಟಿನಲ್ಲಿ ಬಂಡೆ ಒಡೆದು ನೆಲದ ಕೆಳಗಿನ ಮಹಡಿಗಳಿಗೆ ಜಾಗ ಮಾಡುವುದರಲ್ಲೇ ಒಂದು ಬೇಸಿಗೆ ಹೋಯಿತು. ನಡುವಿನ ಲಿಫ್ಟಿನ ಗೋಡೆ ಎದ್ದಿತು, ಅದರ ಸುತ್ತ ಮಹಡಿಗಳು ಬಂದವು, ಕಟ್ಟಡ ಬೆಳೆದ ಹಾಗೆ ಕ್ರೇನೂ ಬೆಳೆಯಿತು. ಇಲ್ಲಿ ನನ್ನ ಹೊಟ್ಟೆಯೂ.

ಮಗಳ ತೊಟ್ಟಿಲ ಕಾರ್ಯ ಕಮಲಾಪುರದಲ್ಲಿ ನಡೆಯಿತು. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ರೇವಣ ಪಾತ್ರೆಯ ಸಮೇತ ಬಿದ್ದರು. ಕೈಕಾಲು ಅದುರಿ, ಬಾಯಲ್ಲಿ ನೊರೆ. ಅತ್ತೆ ಮರೆಮ್ಮ ಓಡಿ ಬಂದು ಮಗನ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ತುರುಕಿದರು. ನಾನು ಕಲಬುರಗಿಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ತಪ್ಪಬಾರದು, ಗಾಡಿ ಓಡಿಸಬಾರದು, ಎತ್ತರಕ್ಕೆ ಹತ್ತಲೇಬಾರದು ಎಂದರು ಡಾಕ್ಟರು. ಮನೆಗೆ ಬಂದು ರೇವಣ ಮಗಳ ನೆತ್ತಿಯ ಮೇಲೆ ಕೈಯಿಟ್ಟರು.

"ಇನ್ನ ಮ್ಯಾಲ ಹತ್ತಂಗಿಲ್ಲ. ಸ್ಟೋರ್‌ನಾಗ ಹಾಕಂತ ಕೇಳ್ತೀನಿ. ಆತಿಲ್ಲೋ?"

ಆಯಿತು ಎಂದುಕೊಂಡೆ. ಅತ್ತೆ ತಮ್ಮ ದಾರಿಯಲ್ಲಿ ಕಲಬುರಗಿಯ ರೋಜಾ ಓಣಿಗೆ ಬಂದು, ಅಲ್ಲಿನ ದರ್ಗಾದಲ್ಲಿ ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಹರಕೆ ತೀರಿಸಿದರು. ಹರಕೆ ತೀರಿದ ಮೇಲೆ ಆ ಬೇನೆಯ ಹೆಸರೆತ್ತಬಾರದು, ಹೆಸರೆತ್ತಿದರೆ ಕರೆದ ಹಾಗೆ ಆಗುತ್ತದೆ ಎಂಬುದು ಆ ಮನೆಯ ಕಟ್ಟು. ನಾನು ಒಮ್ಮೆ ಫಿಟ್ಸ್ ಅಂದದ್ದಕ್ಕೆ ಅತ್ತೆ ನನ್ನ ಬಾಯಿಯ ಮೇಲೆ ಮೆಲ್ಲಗೆ ಹೊಡೆದರು. ಅಂದಿನಿಂದ ನಾನೂ ಸುಮ್ಮನಾದೆ. ದಿನಾ ಸಂಜೆ ರೇವಣ ವಿಡಿಯೋ ಕಾಲ್ ಮಾಡುತ್ತಿದ್ದರು. ಹಿಂದೆ ಯಾವಾಗಲೂ ಸ್ಟೋರಿನ ಕಪಾಟು.

ಈ ಸಲ ಉರುಸಿಗೆ ರೋಜಾದ ತನ್ನ ಮನೆಗೆ ಬಂದ ತಾರಿಖ್, ಮಗಳಿಗೆಂದು ಖರ್ಜೂರ ತೆಗೆದುಕೊಂಡು ನಮ್ಮಲ್ಲಿಗೂ ಬಂದ. ಅದೇ ಸೈಟಿನಲ್ಲಿ ಕೆಳಗೆ ನಿಂತು ವಾಕಿಟಾಕಿಯಲ್ಲಿ ಕ್ರೇನಿಗೆ ಸನ್ನೆ ಹೇಳುವವನು ಅವನು.

"ಭಾಬಿ, ನಿಮ್ಮ ರೇವಣ ಭಾಯಿ ಅಂದ್ರ ಉಸ್ತಾದ್ ನೋಡ್ರಿ! ನಾ ಕೆಳಗ ಒದರಿ ಒದರಿ ಗಂಟಲಾ ಹರಕೊಂತೀನಿ. ಅವ್ರು ಮ್ಯಾಲ ನವಾಬನಂಗ ಕುಂತು ಎರಡು ಬೆರಳಿಲೇ ಕೆಲ್ಸ ಮುಗಿಸ್ತಾರ."

"ಯಾವಾಗಿನ ಮಾತು ಹೇಳ್ಲಾಕತ್ತೀಯೋ ತಾರಿಖ್?"

"ಮೊನ್ನಿಂದೇ ರೀ ಭಾಬಿ. ನಾ ಬಸ್ ಹತ್ತೋ ದಿನಾನೂ ಅವ್ರು ಮ್ಯಾಲೇ ಇದ್ರು." ಅಷ್ಟರಲ್ಲಿ ನನ್ನ ಮುಖ ನೋಡಿದನೋ ಏನೋ, ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟ.

ಮರುದಿನ ಮಗಳನ್ನು ಎತ್ತಿಕೊಂಡು ಕಮಲಾಪುರದ ಬಸ್ ಹಿಡಿದೆ. ಅತ್ತೆಗೂ ಸುಳ್ಳು ಹೇಳಿರಬೇಕು, ಪಾಪ, ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಅವರ ಬಗ್ಗೆಯೇ ಮರುಗಿದೆ. ಅತ್ತೆ ಮೊಮ್ಮಗಳನ್ನು ಕಸಿದುಕೊಂಡು ಮುದ್ದಿಸಿ, ನನ್ನ ಮಾತು ಕೇಳಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಗೊತ್ತಾತೇನು? ಹೋಗ್ಲಿ ಬಿಡು, ಒಂದಿನ ಗೊತ್ತಾಗೂದೇ ಇತ್ತು."

"ಅಂದ್ರ ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಓಣಿಗೆಲ್ಲಾ ಗೊತ್ತದ." ಅತ್ತೆ ತಮ್ಮ ಮೊಬೈಲ್ ತೆರೆದು ನನ್ನ ಮುಂದೆ ಹಿಡಿದರು. ಕ್ಯಾಬಿನ್ನಿನ ಗಾಜಿನಾಚೆ ಮೋಡ, ಕೆಳಗೆ ಬೆಂಕಿಪೊಟ್ಟಣದಂಥ ಬಸ್ಸುಗಳು, ನಡುವೆ ನನ್ನ ಗಂಡನ ನಗು. "ನೋಡು, ನನ್ನ ಮಗ ಮುಗಿಲಾಗ ಕುಂತಾನ. ನಿನಗ ಹೇಳಬ್ಯಾಡ ಅಂದಾಕಿ ನಾನೇ. ನೀ ಮೊದ್ಲೇ ಅಂಜುಬುರುಕಿ, ಎದಿ ಹಾಲು ಬತ್ತಿದ್ರ ಕೂಸಿನ ಗತಿ ಏನು?"

"ಎತ್ತರದ ಕೆಲ್ಸಕ್ಕ ಡಾಕ್ಟರ್ ಪರೀಕ್ಷೆ ಇರ್ತದಲ್ರಿ. ಅಲ್ಲಿ ಯಾರೂ ಕೇಳ್ಲಿಲ್ಲೇನು?"

"ಕೇಳಿದ್ರಲ್ಲ, ನನಗೇ ಫೋನ್ ಮಾಡಿದ್ರು. ನಿಮ್ಮ ಮಗಗ ಎಂದಾರ ಹಂಗೇನಾರ ಆಗಿತ್ತೇನು ಅಂತ. ಏನೂ ಇಲ್ಲಪ್ಪಾ, ಕಲ್ಲಿನಂಗ ಅದಾನ ಅಂದೆ. ಹರಕಿ ತೀರಿಸಿ, ಆ ಹೆಸ್ರು ನನ್ನ ಬಾಯಿಲೆ ತಗೀಲೇನು? ನಾ ತಾಯಿ ಇದೀನಿ!"

ಕಂಪನಿಯವರು ಮನೆಯವರ ಫೋನ್ ನಂಬರ್ ಕೇಳಿದಾಗ ರೇವಣ ನನ್ನದನ್ನು ಕೊಟ್ಟಿರಲಿಲ್ಲ. ಯಾರು ಹೌದು ಅನ್ನುವುದಿಲ್ಲವೋ ಅವರದನ್ನು ಕೊಟ್ಟಿದ್ದರು. ಸುಳ್ಳು ಹೇಳಿದ್ದಕ್ಕಿಂತ ಈ ಲೆಕ್ಕಾಚಾರ ನನ್ನನ್ನು ಹೆಚ್ಚು ಸುಟ್ಟಿತು. ಅತ್ತೆ ಗೊನೆಯಿಂದ ಬಾಳೆಹಣ್ಣು ಮುರಿದು ಚೀಲಕ್ಕೆ ತುಂಬಿದರು, ಎಂದಿನ ಹಾಗೆ. ನಾನು ಇಸಿದುಕೊಂಡೆ, ಎಂದಿನ ಹಾಗೆ. ಬಸ್ಸಿನಲ್ಲಿ ಕೂತು ಕಣ್ಣೀರು ಹಾಕಿದೆ.

ಸಂಜೆ ರೇವಣರ ಕಾಲ್ ಬಂತು, ಹಿಂದೆ ಅದೇ ಕಪಾಟು.

"ಕಪಾಟು ಸಾಕ್ರಿ. ಮೋಡ ತೋರಸ್ರಿ," ಎಂದೆ.

ಅವರು ಫೋನನ್ನು ಕಪಾಟಿನಿಂದ ಆಚೆಗೆ ತಿರುಗಿಸಿದರು. ಆಮೇಲೆ, "ಯಾರಂದ್ರು? ಅವ್ವನಾ?" ಎಂದರು.

"ಮಗಳ ತಲಿ ಮ್ಯಾಲ ಕೈ ಇಟ್ಟಿದ್ರಿ."

"ಕೆಳಗ ಇದ್ದು ನೋಡಿದೆ, ಪ್ರಿಯಾ. ಖರೇನೇ ಎರಡು ವಾರ ಇದ್ದೆ. ಬೋಲ್ಟಿನ ಡಬ್ಬಿ ಎಣಿಸಿದೆ. ಅಲ್ಲಿ ನಾ ಯಾರಿಗೂ ಬೇಕಾಗಿಲ್ಲ. ಮ್ಯಾಲ ಕುಂತ್ರ ಇಡೀ ಸೈಟು ನನ್ನ ಕೈಯಿ ನೋಡ್ತದ. ಕಡೀ ಮಹಡಿ ಸ್ಲ್ಯಾಬ್ ಒಂದು ಹಾಕಿ ಮುಗೀಲಿ, ನಾನೇ ಇಳದು ಬರ್ತೀನಿ."

"ಗುಳಗಿನಾರ ತಪ್ಪದ ತೊಗೊಳ್ಲಾಕತ್ತೀರಿಲ್ಲೋ?"

"ತೊಗೊಂಡ್ರ ಕಣ್ಣ ಎಳೀತಾವ. ಡ್ಯೂಟಿ ಇದ್ದಾಗ ಬಿಡ್ತೀನಿ. ಸೂಟಿ ಇದ್ದಾಗ ತೊಗೋತೀನಿ."

ಬೇಡಿಕೊಂಡೆ. ನೀವೇ ಆಫೀಸಿನಲ್ಲಿ ಹೇಳಿರಿ ಎಂದೆ. "ಹೇಳಿದ್ರ ಇನ್ನ ಯಾವ ಸೈಟಿನಾಗೂ ನನ್ನ ಹತ್ತಗೊಡಂಗಿಲ್ಲ. ನನ್ನ ಕೈಯಿ ಕಡದಂಗ ಅದು. ನೀನೂ ಬಾಯಿ ಬಿಡಬ್ಯಾಡ, ಕೂಸಿನ ಆಣಿ ಅದ," ಎಂದು ಫೋನ್ ಇಟ್ಟರು. ಮತ್ತೆ ಕೂಸಿನ ಆಣೆ.

ಬೆಳಗಾಯಿತು. ಅವರು ಏಣಿ ಹತ್ತಿರಬೇಕು ಎಂದುಕೊಂಡು ಮಗಳನ್ನು ಚಾಪೆಯ ಮೇಲೆ ಬಿಟ್ಟು, ಅವರು ಕಳಿಸಿದ ಹಳೆಯ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಒಂದರಲ್ಲಿ ಸೈಟಿನ ತಗಡಿನ ಬೇಲಿಗೆ ಒರಗಿ ನಿಂತಿದ್ದಾರೆ. ಪಕ್ಕದಲ್ಲೇ ಸೇಫ್ಟಿ ಆಫೀಸಿನ ನಂಬರ್, ದಪ್ಪ ಅಕ್ಷರಗಳಲ್ಲಿ. ಒತ್ತಿದೆ, ಕಟ್ ಮಾಡಿದೆ. ಇದಾದ ಮೇಲೆ ಅವರು ನನ್ನ ಮುಖ ನೋಡುತ್ತಾರೆಯೇ? ಮತ್ತೆ ಒತ್ತಿದೆ.

ಒಬ್ಬ ಫೋನ್ ಎತ್ತಿ ಹಿಂದಿಯಲ್ಲಿ ಮಾತಾಡಿದ. ನಾನೂ ಹಿಂದಿಯಲ್ಲೇ ನನ್ನ ಹೆಸರು ಹೇಳಿದೆ, ಗಂಡನ ಹೆಸರು ಹೇಳಿದೆ.

"ಅವರಿಗೆ ಫಿಟ್ಸ್ ಬರುತ್ತದೆ. ನಿಮ್ಮಿಂದ ಮುಚ್ಚಿಟ್ಟಿದ್ದಾರೆ."

ಆಚೆ ಕುರ್ಚಿ ಸರಿದ ಸದ್ದು. ಆ ಮನುಷ್ಯ ವಾಕಿಟಾಕಿಯಲ್ಲಿ ಯಾರಿಗೋ ಕೂಗಿದ: ಭಾರ ಕೆಳಗಿಡಿಸಿ, ಕ್ರೇನ್ ನಿಲ್ಲಿಸಿ, ಇಬ್ಬರು ಮೇಲೆ ಹೋಗಿ ಅವನ ಜೊತೆಗೇ ಇಳಿಯಿರಿ. ಆಮೇಲೆ ಮತ್ತೆ ನನ್ನ ಕಡೆ ತಿರುಗಿದ.

"ಮೇಡಂ, ಇವತ್ತು ಔಷಧ ತೆಗೆದುಕೊಂಡು ಹತ್ತಿದ್ದಾರೆಯೇ?"

"ಇಲ್ಲ," ಎಂದೆ. "ಡ್ಯೂಟಿ ಇದ್ದಾಗ ತೆಗೆದುಕೊಳ್ಳುವುದಿಲ್ಲ."