ಹತ್ತೊಂಬತ್ತು ದಿನದ ಕುರ್ಚಿ

ಖಾದರ್ ಸಾಹೇಬರು ಸೋಮವಾರ ತಾವು ಬರೆದದ್ದನ್ನು ಮಂಗಳವಾರ ತಾವೇ ತಿರಸ್ಕರಿಸುತ್ತಿದ್ದರು. ನೀಲಿ ಶಾಯಿಯಲ್ಲಿ ಗುಮಾಸ್ತನಾಗಿ ಒಂದು ಪುಟ ಬರೆದು, ಕೆಳಗೆ ‘ಮಾನ್ಯರ ಅವಗಾಹನೆಗೆ’ ಅಂತ ಸೇರಿಸಿ, ದಾರ ಕಟ್ಟಿ ಇಡೋದು. ಮರುದಿನ ಅದನ್ನೇ ಬಿಚ್ಚಿ, ಹಸಿರು ಪೆನ್ನು ತೆಗೆದು, ಮೇಲಧಿಕಾರಿಯಾಗಿ ಅಂಚಿನಲ್ಲಿ ‘ಆಧಾರವೇನು? ಚರ್ಚಿಸಿ’ ಅಂತ ಬರೆಯೋದು. ಆ ಚರ್ಚೆ ನಡೆಯುತ್ತಿದ್ದುದು ನನ್ನ ಜೊತೆ. ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಪಹಣಿ ತಿದ್ದುಪಡಿ, ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ಇವುಗಳ ನಡುವೆ ಮೂರು ವರ್ಷ ನಾನು ಯಾವುದೋ ದ್ವೀಪದ ರಾಜ್ಯಪಾಲರ ಕಚೇರಿಯ ಚರಿತ್ರೆಯನ್ನೂ ಟೈಪ್ ಮಾಡಿದೆ. ಯಾರ ಶಾಪವೋ ಗೊತ್ತಿಲ್ಲ.

ಅವರ ಮನೆಯಲ್ಲಿ ಎಲ್ಲರೂ ಲಾರಿ ಮೆಕ್ಯಾನಿಕ್‌ಗಳು. ಇವರೊಬ್ಬರು ಮಾತ್ರ ಕೈಗೆ ಗ್ರೀಸ್ ಹತ್ತಿಸಿಕೊಳ್ಳದೆ ಸಮುದ್ರ ದಾಟಿ, ಆ ದ್ವೀಪ ಪ್ರಾಂತ್ಯದ ರಾಜ್ಯಪಾಲರ ಕಚೇರಿಯಲ್ಲಿ ಹಳೇ ಕಡತಗಳ ಕೋಣೆ ನೋಡಿಕೊಂಡು ಮೂವತ್ತು ವರ್ಷ ಕಳೆದು ಬಂದವರು. ದ್ವೀಪದ ಹೆಸರು ನಾನು ಬರೆಯೋದಿಲ್ಲ. ಬರೆದರೆ ಇನ್ಯಾರಾದರೂ ಆಧಾರ ಕೇಳಿಕೊಂಡು ಬಂದಾರು, ನನಗೆ ಒಬ್ಬರೇ ಸಾಕಾಗಿ ಹೋಗಿದ್ದರು.

“ಚಳ್ಳಕೆರೇಲಿ ಇದನ್ನ ಯಾರು ಓದ್ತಾರೆ ಸಾಹೇಬ್ರೆ?” ಅಂತ ಮೊದಲ ವಾರವೇ ಕೇಳಿದ್ದೆ.

“ಓದೋಕೆ ಅಂತ ಬರೀತಾ ಇಲ್ಲಮ್ಮ ರತ್ನಮ್ಮ. ದಾಖಲೆ ಇರ್ಲಿ ಅಂತ.”

ಆ ದ್ವೀಪಕ್ಕೆ ಮೊದಲು ಬಂದ ಅಧಿಕಾರಿಗೆ ಕಚೇರಿಯೇ ಇರಲಿಲ್ಲವಂತೆ, ಹಡಗಿನ ಮೇಲೆ ಮೇಜು ಹಾಕಿಕೊಂಡು ಕೂತಿದ್ದನಂತೆ. ಆಮೇಲೆ ತಾಳೆಗರಿಯ ಗುಡಿಸಲು, ಆಮೇಲೆ ಗುಡ್ಡದ ಮೇಲೆ ಮರದ ಬಂಗಲೆ. ಅಧೀಕ್ಷಕ ಹೋಗಿ ಆಯುಕ್ತ ಬಂದ, ಆಯುಕ್ತ ಹೋಗಿ ರಾಜ್ಯಪಾಲ ಬಂದ. ಗೆದ್ದಲು ಎರಡು ಸಲ ಬಂಗಲೆ ತಿಂದಿತು. ಕೇಳೋಕೆ ಚೆನ್ನಾಗಿಯೇ ಇತ್ತು. ಆದರೆ ಒಂದು ಪುಟ ಕೊಟ್ಟರೂ ಟಪಾಲು ಪುಸ್ತಕ ಮುಂದೆ ಚಾಚಿ ‘ಸ್ವೀಕರಿಸಿದೆ’ ಅಂತ ನನ್ನ ಸಹಿ ತಗೊಳ್ಳದೆ ಕುರ್ಚಿ ಬಿಡುತ್ತಿರಲಿಲ್ಲ. ಹಿಂದೆ ಜನ ಕ್ಯೂ ನಿಂತಿರೋರು. ಪುಟದ ಎಡಕ್ಕೆ ಮೂರರಲ್ಲಿ ಒಂದು ಭಾಗ ಖಾಲಿ ಬಿಡಬೇಕು, ಮೇಲಿನವರು ಟಿಪ್ಪಣಿ ಬರೆಯೋಕೆ. ಮೇಲಿನವರು ಯಾರ್ರೀ ಅಂದರೆ, “ನಾನೇ, ನಾಳೆ” ಅನ್ನೋರು.

ಒಂದು ಭಾನುವಾರ ನನ್ನನ್ನೂ ನನ್ನ ಗಂಡನನ್ನೂ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸಿದರು, ಅಶೋಕನ ಶಾಸನ ತೋರಿಸುತ್ತೀನಿ ಅಂತ. ಬಿಸಿಲಲ್ಲಿ ನನ್ನ ಮೊಣಕಾಲು ಕಿತ್ತು ಬರುತ್ತಿತ್ತು. ಅವರು ಬಂಡೆಯ ಮುಂದೆ ಕೈಕಟ್ಟಿ ನಿಂತು, “ಪ್ರಾಂತ್ಯದ ದೊಡ್ಡ ಸಾಹೇಬ್ರಿಂದ ಇಲ್ಲಿಯ ಅಧಿಕಾರಿಗಳಿಗೆ ಬಂದ ಪತ್ರಮ್ಮ ಇದು. ಮೊದ್ಲು ಆರೋಗ್ಯ ಚೆನ್ನಾಗೈತಾ ಅಂತ ಕೇಳಿ ಆಮೇಲೆ ಆರ್ಡರ್ ಹೇಳ್ತಾರೆ, ನೋಡು ಮರ್ಯಾದೆ” ಅಂದರು. ಸ್ವಲ್ಪ ಹೊತ್ತು ನೋಡಿ, “ಅಂಚು ಬಿಟ್ಟಿಲ್ಲ” ಅಂತ ಬೇಜಾರು ಮಾಡಿಕೊಂಡರು.

ಮೂರನೇ ವರ್ಷ ಅವರ ಕಣ್ಣಿನ ನರ ಒಣಗುತ್ತಾ ಬಂತು. ದಾವಣಗೆರೆಯ ಡಾಕ್ಟರು, ಹೋದ ದೃಷ್ಟಿ ವಾಪಸ್ ಬರಲ್ಲ, ಇನ್ನೊಂದು ವರ್ಷ ಸಿಕ್ಕರೆ ಹೆಚ್ಚು ಅಂದರಂತೆ. “ವರ್ಗಾವಣೆ ಆರ್ಡರ್ ಬಂದೈತಮ್ಮ, ಚಾರ್ಜ್ ಕೊಡೋದು ಬಾಕಿ” ಅಂದರು ಸಾಹೇಬರು. ಅವರಿಗಿದ್ದ ಆಸೆ ಒಂದೇ, ಪುಸ್ತಕವನ್ನು ತಮ್ಮ ಕಣ್ಣಿಂದ ನೋಡಬೇಕು. ಟೈಪಿಂಗ್ ಮುಗಿದಿತ್ತು, ಪ್ರೆಸ್ಸಿನವನೂ ಒಪ್ಪಿದ್ದ. ಹದಿನೈದು ದಿನದ ಕೆಲಸ ಅಷ್ಟೆ.

ಅಡ್ಡ ಬಂದದ್ದು ಒಂದು ಖಾಲಿ ಸಾಲು. ಪುಸ್ತಕದ ಕೊನೆಗೆ ಆ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂತವರೆಲ್ಲರ ಪಟ್ಟಿ ಇತ್ತು. ಹಿಂದೆ ಯಾವುದೋ ಮಳೆಗಾಲದಲ್ಲಿ ಹಳೇ ಆಯುಕ್ತರು ಹಡಗು ಹತ್ತಿ ಹೋದ ಮೇಲೆ, ಹೊಸಬರ ಹಡಗು ಬಿರುಗಾಳಿಗೆ ಸಿಕ್ಕಿ ಹತ್ತೊಂಬತ್ತು ದಿನ ತಡವಾಗಿ ಬಂತಂತೆ. ಆ ಹತ್ತೊಂಬತ್ತು ದಿನ ಕಡತಗಳಿಗೆ ಯಾರೋ ಸಹಿ ಹಾಕಿದ್ದಾರೆ. ‘ಆಯುಕ್ತರ ಪರವಾಗಿ’ ಅಂತ ಮೊಹರು, ಅದರ ಮೇಲೊಂದು ಗೀಚು. ಹೆಸರಿಲ್ಲ.

“ಹೆಸರು ಗೊತ್ತಿಲ್ಲ ಅಂತ ಹಾಕಿ ಮುಗಿಸ್ರೀ.”

“ಕುರ್ಚಿ ಖಾಲಿ ಇರಂಗಿಲ್ಲಮ್ಮ. ಯಾರೋ ಒಬ್ಬ ಕೂತಿದ್ದ. ಅವನ ಹೆಸ್ರು ನಾವು ನುಂಗ್ಬಾರ್ದು.”

ಐದು ತಿಂಗಳು ಇದೇ ಮಾತು. ದ್ವೀಪಕ್ಕೆ ಪತ್ರ ಬರೆದರು, ಉತ್ತರವಿಲ್ಲ. ಅಷ್ಟರಲ್ಲಿ ನನ್ನ ಅಂಗಡಿಯ ಮೆಟ್ಟಿಲು ಎಡವೋಕೆ ಶುರು ಮಾಡಿದ್ದರು. ಆ ಬೆಳಿಗ್ಗೆ ಮೂರು ಜನ ತಿಪ್ಪೇಸ್ವಾಮಿಗಳ ಅರ್ಜಿ ಟೈಪ್ ಮಾಡಿದ್ದೆ. ನಮ್ಮೂರಲ್ಲಿ ಬೀದಿಗೆ ನಾಲ್ಕು ತಿಪ್ಪೇಸ್ವಾಮಿಗಳು. ಅದೇ ಕೈಯಲ್ಲಿ ಖಾಲಿ ಸಾಲಿನಲ್ಲಿ ‘ಶ್ರೀ ಟಿ. ತಿಪ್ಪೇಸ್ವಾಮಿ, ಪ್ರಭಾರ’ ಅಂತ ಕುಟ್ಟಿದೆ. ಅವರ ಕಣ್ಣಿಗೆ ಬೀಳದೆ ಪ್ರೆಸ್ಸಿಗೆ ಹೋಗಲಿ, ಮುದುಕ ಪುಸ್ತಕ ನೋಡಲಿ ಅಂತ. ಸತ್ಯವಾಗಿ ಇಷ್ಟೇ ನನ್ನ ಮನಸ್ಸಲ್ಲಿದ್ದದ್ದು.

ಭೂತಗನ್ನಡಿ ಹಿಡಿದು ಪಟ್ಟಿ ನೋಡುತ್ತಿದ್ದವರು ಅಲ್ಲಿಗೇ ಬಂದು ನಿಂತರು. “ಅರೆ, ನಮ್ಮ ಕಡೆಯೋನಾ?” ಅಂತ ಅವರ ಮುಖ ಅರಳಿತು. ಮರುಕ್ಷಣವೇ ಅವರೊಳಗಿನ ಮೇಲಧಿಕಾರಿ ಎದ್ದ. “ಇದರ ಆಧಾರ ಎಲ್ಲೈತೆ?”

ಆಗಲಾದರೂ ಬಾಯಿ ಬಿಡಬಹುದಿತ್ತು. “ನೀವು ಕೊಟ್ಟ ಕಟ್ಟಿನಲ್ಲೇ ಇತ್ತು ಸಾಹೇಬ್ರೆ. ನಿಮ್ಮ ಕೈಬರಹವೇ” ಅಂದುಬಿಟ್ಟೆ.

ಕಟ್ಟನ್ನೆಲ್ಲ ವಾಪಸ್ ಕೇಳಿದರು. ತಾವು ಬರೆದದ್ದು ತಮಗೇ ನೆನಪಿಲ್ಲ ಅಂದರೆ ಉಳಿದದ್ದೂ ತಪ್ಪಿರಬಹುದು, ಮೊದಲಿಂದ ನೋಡಬೇಕು ಅಂದರು. ಎಷ್ಟು ದಿನ ನೋಡ್ತಾರೆ, ಬೇಸತ್ತು ತಂದುಕೊಡ್ತಾರೆ ಅಂತ ಸುಮ್ಮನಾದೆ. ಒಂದು ತಿಂಗಳಾಯಿತು, ಎರಡಾಯಿತು. ಅವರ ಮನೆಯವರ ಗ್ಯಾರೇಜಿಗೆ ಹೋಗಿ ವಿಚಾರಿಸಿದರೆ, ಮೊಳಕಾಲ್ಮೂರಿಗೆ ಮಗಳ ಮನೆಗೆ ಕರ್ಕೊಂಡು ಹೋದ್ರು ಅಂದ ಅವರ ಅಣ್ಣನ ಮಗ. ಹೋಗೋ ಮೊದಲು ಬಿಸಿಲಲ್ಲಿ ಅಂಗಳದಲ್ಲಿ ಕೂತು ಒಂದೊಂದೇ ಹೆಸರು ತಾಳೆ ನೋಡುತ್ತಿದ್ದರಂತೆ. ಕೊನೆಯ ಹೆಸರು ಮುಗಿದ ವಾರ ದೀಪ ಹಾಕಿದ್ದಾರೋ ಇಲ್ಲವೋ ಕೂಡ ಗೊತ್ತಾಗುತ್ತಿರಲಿಲ್ಲವಂತೆ. ಆ ಕಟ್ಟನ್ನು ನನಗೆ ಕೊಡೋಕೆ ಹೇಳಿ ಹೋಗಿದ್ದರು.

ಅಂಗಡಿಯಲ್ಲಿ ಬಿಚ್ಚಿ ನೋಡಿದೆ. ಒಂದು ಹೆಸರೂ ತಪ್ಪಿರಲಿಲ್ಲ. ತಿಪ್ಪೇಸ್ವಾಮಿಯ ಪಕ್ಕದಲ್ಲಿ ಮಾತ್ರ ಹಸಿರು ಶಾಯಿಯ ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದವು: ‘ಆಧಾರ ಸಿಗಲಿಲ್ಲ. ಗುಮಾಸ್ತನಿಗೆ ಮರೆವು. ತಪ್ಪು ನನ್ನದು.’

ಸಾಲು ಖಾಲಿ ಮಾಡಿ ಪ್ರೆಸ್ಸಿಗೆ ಕೊಟ್ಟೆ. ಮೊದಲ ಪ್ರತಿ ಹಿಡಿದುಕೊಂಡು ಮೊಳಕಾಲ್ಮೂರಿಗೆ ಹೋದೆ. ಮಂಚದ ಮೇಲೆ ಕೂತಿದ್ದರು. ಪುಸ್ತಕದ ಬೆನ್ನು, ಅಂಚು ಎಲ್ಲ ಸವರಿ ನೋಡಿ, “ದಪ್ಪ ಐತೆ” ಅಂದರು. ಏನೋ ಕೇಳೋಕೆ ಬಾಯಿ ತೆಗೆದರೆ ಮಗಳು, “ಅಬ್ಬಾಜಾನ್, ಆಗ್ಲೇ ಕೇಳಿದ್ರಲ್ಲ” ಅಂತ ಮಗುವಿಗೆ ಹೇಳುವಂತೆ ಹೇಳಿ ಒಳಗೆ ಹೋದಳು. ಅವರು ಬಾಯಿ ಮುಚ್ಚಿಕೊಂಡರು. ಮೂರು ವರ್ಷ ನನ್ನ ಪ್ರಾಣ ತಿಂದ ಮನುಷ್ಯ ಹೀಗೆ ಸುಮ್ಮನಾದದ್ದು ನನ್ನಿಂದ ನೋಡೋಕಾಗಲಿಲ್ಲ.

“ಸಾಹೇಬ್ರೆ, ತಿಪ್ಪೇಸ್ವಾಮೀನ ನೀವು ಬರ್ದಿರ್ಲಿಲ್ಲ. ನಾನೇ ಸೇರಿಸಿದ್ದು. ಸುಳ್ಳು ಹೇಳ್ದೆ.”

ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

“ನಾನು ಬರ್ದಿರ್ಲಿಲ್ವಾ?”

“ಇಲ್ಲ ರೀ.”

“ಹಂಗಾದ್ರೆ ನನ್ನ ತಲೆ ಸರಿ ಐತೆ.” ಪುಸ್ತಕವನ್ನು ಮಂಚದ ಮೇಲಿಟ್ಟರು. “ಕಣ್ಣಿನ ಜೊತೆ ಅದೂ ಹೋಯ್ತು ಅಂದ್ಕೊಂಡಿದ್ದೆ ರತ್ನಮ್ಮ. ನಾನೇ ಇವರಿಗೆಲ್ಲ ಹಂಗಂತ ಹೇಳಿಬಿಟ್ಟೆ. ಈಗ ಹೊತ್ತು ಎಷ್ಟು ಅಂತ ಹೇಳಿದ್ರೂ ಯಾರೂ ನಂಬಲ್ಲ.”

ಗೋಡೆ ಹಿಡಿದು ಎದ್ದು ನಿಂತು, ಮಗಳನ್ನು ಕೂಗಿದರು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

“ಇವಳ ಮುಂದೆ ಹೇಳಮ್ಮ,” ಅಂದರು. “ಜೋರಾಗಿ ಹೇಳು.”

ನಾನು ಹೇಳಿದೆ. ಅದೇ ಕೊನೆ, ಮತ್ತೆ ಅವರನ್ನು ನೋಡಲಿಲ್ಲ.